ಜೇಬಕ್ಕನ ಉಸಿರಿನ ಲೆಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಾರ್ಖಾನೆಯ ಹಿಂಬದಿಯ ಒಗೆಯುವ ಕೋಣೆಯಲ್ಲಿರುವ ಒಂದೇ ಒಂದು ಟ್ಯೂಬ್‌ಲೈಟು ಹತ್ತಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದೆ. ಅದರ ಕೆಳಗೆ ಸೊಂಟದೆತ್ತರದ ಸಿಮೆಂಟು ತೊಟ್ಟಿ. ಪಕ್ಕದಲ್ಲಿ ರಾತ್ರಿ ಪಾಳಿಯವರು ಕಳಚಿಟ್ಟು ಹೋದ ಬಿಳಿ ಕೋಟುಗಳ ಗುಡ್ಡೆ. ಐವತ್ತು ದಾಟಿದ ಮಹಿಳೆಯೊಬ್ಬರು ಗುಡ್ಡೆಯ ಮೇಲಿನ ಕೋಟನ್ನು ಎರಡೂ ಕೈಯಲ್ಲಿ, ನಿದ್ದೆಗೆ ಜಾರಿದ ಮಗುವನ್ನು ಎತ್ತುವ ಹಾಗೆ, ಮೆಲ್ಲಗೆ ಎತ್ತುತ್ತಾರೆ. ಅಲುಗಿಸುವುದಿಲ್ಲ. ಹಾಗೆಯೇ ತೊಟ್ಟಿಯ ನೀರಿಗೆ ಜಾರಿಸಿ ಅಂಗೈಯಿಂದ ಒತ್ತಿ ಹಿಡಿಯುತ್ತಾರೆ. ಗುಳ್ಳೆ ಏಳುವುದು ನಿಂತ ಮೇಲೆ ಮೊಣಕೈವರೆಗೆ ತೋಳು ಮುಳುಗಿಸಿ, ನೀರಿನೊಳಗೇ ಜೇಬು ತಡಕಲು ಶುರು ಮಾಡುತ್ತಾರೆ.

ಮೊದಲ ಕೋಟಿನಲ್ಲಿ ಒಂದು ನಟ್ಟು ಸಿಗುತ್ತದೆ. ಎರಡನೆಯದರಲ್ಲಿ ಏನೂ ಇಲ್ಲ. ಮೂರನೆಯದರಲ್ಲಿ ಮುಚ್ಚಳವಿಲ್ಲದ ಪೆನ್ನು. ಸಿಕ್ಕಿದ್ದೆಲ್ಲ ಕಿಟಕಿಯ ಮೇಲಿನ ಡಬ್ಬಿಗೆ ಹೋಗುತ್ತದೆ. ಐದಾರು ಕೋಟು ಮುಗಿಯುವಷ್ಟರಲ್ಲಿ ತೊಟ್ಟಿಯ ಅಂಚು ಹಿಡಿದು ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಹೀಗೆ ದಿನಕ್ಕೆ ಇನ್ನೂರರ ಹತ್ತಿರ ಕೋಟುಗಳಾಗಬೇಕು. ಯಂತ್ರ ಇಲ್ಲವೇ ಎಂದರೆ, ಇದೆ, ಮೂಲೆಯಲ್ಲಿ ಎರಡು ದೊಡ್ಡ ಯಂತ್ರಗಳು ಕೂತಿವೆ. ಒಗೆಯುವುದು ಅವುಗಳ ಪಾಲು. ಅದಕ್ಕೆ ಮುಂಚಿನದೆಲ್ಲ ಇವರ ಪಾಲು.

ಇವರನ್ನು ಇಲ್ಲಿ ಎಲ್ಲರೂ ಜೇಬಕ್ಕ ಎನ್ನುತ್ತಾರೆ. ಹೆಸರು ಹಿಡಿದು ಕರೆದರೆ ತಾವೇ ತಿರುಗಿ ನೋಡುವುದಿಲ್ಲ ಎಂದು ನಗುತ್ತಾರೆ. ಹದಿನೇಳು ವರ್ಷದಿಂದ ಆ ಜೇಬುಗಳನ್ನು ತಡಕಿ, ಸಿಕ್ಕಿದ್ದನ್ನು ಸೇರಬೇಕಾದವರಿಗೆ ಮುಟ್ಟಿಸುತ್ತಿದ್ದಾರೆ. ಬೀಗದ ಕೈ, ಕನ್ನಡಕ, ಕೆಮ್ಮಿನ ಮಾತ್ರೆ, ಒಮ್ಮೆ ಕಟ್ಟಿಸಿದ ಹಲ್ಲಿನ ಸೆಟ್ಟು. ಯಾರ ಮನೆಯಲ್ಲಿ ಮುನಿಸು ನಡೆದಿದೆ, ಸಿಗರೇಟು ಬಿಟ್ಟೆ ಎಂದು ಹೆಂಡತಿಯ ಮುಂದೆ ಆಣೆ ಮಾಡಿದವರು ಯಾರ್ಯಾರು, ಎಲ್ಲ ಗೊತ್ತು. ಆದರೆ ಬಾಯಿಗೆ ಬೀಗ.

"ಹಲ್ಲಿನ ಸೆಟ್ಟು ಯಾರದು ಅಂತ ಇವತ್ತಿಗೂ ಹೇಳಿಲ್ಲ ನಾನು," ಎನ್ನುತ್ತಾರೆ. "ಅವರು ನಗೋವಾಗ ಬೇರೆ ಕಡೆ ನೋಡ್ತೀನಿ, ಅಷ್ಟೇ."

ಕಾರ್ಖಾನೆಯಲ್ಲಿ ತಯಾರಾಗುವುದು ಒಂದು ಬಿಳಿ ಪುಡಿ. ಗಾಜಿಗೆ, ಗೋಡೆಗೆ ಕೊಳೆ ಅಂಟದಿರಲೆಂದು ಬಳಿಯುವ ಲೇಪನಕ್ಕೆ ಅದನ್ನು ಬೆರೆಸುತ್ತಾರೆ. ನ್ಯಾನೊ ಪುಡಿ ಎಂದು ಅದರ ಹೆಸರು. ತಲೆಗೂದಲ ದಪ್ಪವನ್ನು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತಲೂ ಅದರ ಕಣ ಸಣ್ಣದು. ಹಿಟ್ಟು ಹಾರಿದರೆ ಸ್ವಲ್ಪ ಹೊತ್ತಿಗೆ ನೆಲಕ್ಕೆ ಕೂರುತ್ತದೆ, ಗುಡಿಸಬಹುದು. ಇದು ಹಾಗೆ ಕೂರುವ ಜಾತಿಯದಲ್ಲ. ಗಾಳಿಯಲ್ಲೇ ಬಹಳ ಹೊತ್ತು ತೇಲುತ್ತದೆ, ಉಸಿರಿನ ಜೊತೆ ಒಳಗೆ ಹೋಗುತ್ತದೆ. ಮೂಗಿನ ಕೂದಲಿಗೂ ಗಂಟಲ ಕಫಕ್ಕೂ ಸಿಕ್ಕದೆ ಶ್ವಾಸಕೋಶದ ತುತ್ತತುದಿಯವರೆಗೆ ತಲುಪಬಲ್ಲದು. ಪ್ರಯೋಗಾಲಯದಲ್ಲಿ ಇಂಥ ಪುಡಿ ಉಸಿರಾಡಿದ ಇಲಿಗಳ ಶ್ವಾಸಕೋಶದಲ್ಲಿ ಉರಿಯೂತ ಕಂಡಿದ್ದಾರೆ. ಮನುಷ್ಯರು ಇಪ್ಪತ್ತು ಮೂವತ್ತು ವರ್ಷ ಉಸಿರಾಡಿದರೆ ಏನಾಗುತ್ತದೆ ಎಂದು ಕೇಳಿದರೆ, ಬಲ್ಲವರು ಕೂಡ ಗಟ್ಟಿಯಾಗಿ ಏನನ್ನೂ ಹೇಳಲಾರರು.

ಹಾಗೆಂದು ಕಾರ್ಖಾನೆ ಕಣ್ಣು ಮುಚ್ಚಿ ಕೂತಿಲ್ಲ. ಪುಡಿ ತಯಾರಾಗುವ ದೊಡ್ಡ ಹಾಲ್‌ಗೆ ಬಾಗಿಲೊಳಗೊಂದು ಬಾಗಿಲು. ಗಾಳಿ ಎಳೆದು ಸೋಸುವ ದಪ್ಪ ಕೊಳವೆಗಳು. ಒಳಗಿರುವವರಿಗೆಲ್ಲ ಒಳ್ಳೆಯ ಮಾಸ್ಕು, ಹೊರಬಂದರೆ ಸ್ನಾನ, ವರ್ಷಕ್ಕೊಮ್ಮೆ ವ್ಯಾನಿನಲ್ಲಿ ಬರುವ ನರ್ಸಿನ ಮುಂದೆ ಉಸಿರಿನ ತಪಾಸಣೆ. ಇಷ್ಟೆಲ್ಲ ಮಾಡಿದವರು ಒಂದನ್ನು ಮರೆತರು. ಮೈಮೇಲಿನ ಕೋಟು ಹಾಲ್‌ನ ಬಾಗಿಲಿಗೇ ನಿಲ್ಲುವುದಿಲ್ಲ. ಅದು ಚೀಲ ಸೇರಿ, ತಳ್ಳುಗಾಡಿ ಏರಿ, ಅಂಗಳ ದಾಟಿ ಜೇಬಕ್ಕನ ಕೋಣೆಗೆ ಬರುತ್ತದೆ. ಕಾರ್ಖಾನೆಯ ನಕ್ಷೆಯ ಪ್ರಕಾರ ಆ ಕೋಣೆಯಲ್ಲಿ ಪುಡಿ ಇಲ್ಲ. ಹಾಗಾಗಿ ಅಲ್ಲಿ ಕೊಳವೆಯೂ ಇರಲಿಲ್ಲ, ಮಾಸ್ಕೂ ಇರಲಿಲ್ಲ, ತಪಾಸಣೆಯ ಪಟ್ಟಿಯಲ್ಲಿ ಇವರ ಹೆಸರೂ ಇರಲಿಲ್ಲ.

ಆಗೆಲ್ಲ ಜೇಬಕ್ಕ ಕೋಟುಗಳನ್ನು ಕೊಡವುತ್ತಿದ್ದರು. ಒಂದು ನಟ್ಟು ಉಳಿದರೂ ಯಂತ್ರದ ಬಾಗಿಲಿನ ಗಾಜು ಒಡೆಯುತ್ತದೆ, ಹಿಂದೊಮ್ಮೆ ಒಡೆದು ಕೋಣೆಯೆಲ್ಲ ನೀರಾಗಿತ್ತು. ಅಂದಿನಿಂದ ಒಂದೊಂದು ಕೋಟನ್ನೂ ಹೆಗಲ ಹೊಲಿಗೆ ಹಿಡಿದು ತಲೆಕೆಳಗು ಮಾಡಿ, ಫಟ್ ಫಟ್ ಎಂದು ಬಡಿದು ಕೊಡವುವುದು ರೂಢಿಯಾಯಿತು. ಜೇಬಿನಲ್ಲಿದ್ದುದೆಲ್ಲ ಟಣ್ ಎಂದು ನೆಲಕ್ಕೆ ಬೀಳುತ್ತಿತ್ತು. ಈ ಕೆಲಸದಲ್ಲಿ ಇವರದು ಎತ್ತಿದ ಕೈ. ಹೊಸದಾಗಿ ಸೇರಿದವರನ್ನು ಸೂಪರ್‌ವೈಸರ್ ಕರೆತಂದು, ಕೆಲಸ ಅಂದರೆ ಹೀಗೆ ಮಾಡಬೇಕು ನೋಡಿ ಎಂದು ತೋರಿಸುತ್ತಿದ್ದರಂತೆ. ಚಳಿಗೆ ಕಿಟಕಿ ಮುಚ್ಚಿರುತ್ತಿತ್ತು.

"ಧೂಳು ಕಂಡಿದ್ರೆ ಮೂಗಿಗೆ ಒಂದು ಬಟ್ಟೆನಾದ್ರೂ ಕಟ್ಕೋತಿದ್ದೆ," ಎನ್ನುತ್ತಾರೆ. "ಏನೂ ಕಾಣಿಸ್ತಿರ್ಲಿಲ್ಲ. ಕೋಟು ಇಷ್ಟು ಸ್ವಚ್ಛ ಇದೆಯಲ್ಲ, ಇದನ್ನ ಯಾಕೆ ದಿನಾ ಒಗೆಸ್ತಾರೋ ಅಂದ್ಕೋತಿದ್ದೆ."

ಹೋದ ವರ್ಷ ಗಾಳಿಯಲ್ಲಿರುವ ಕಣ ಎಣಿಸುವ ಯಂತ್ರ ಹಿಡಿದು ಒಬ್ಬ ತಂತ್ರಜ್ಞ ಬಂದ. ಹಾಲ್‌ನೊಳಗೆಲ್ಲ ಸುತ್ತಾಡಿ ಅಳೆದ. ಅಂಕಿಗಳು ಚೆನ್ನಾಗಿಯೇ ಇದ್ದವು. ಕೆಲಸ ಮುಗಿಸಿ, ತಾನು ಹಾಕಿಕೊಂಡಿದ್ದ ಕೋಟು ಕೊಟ್ಟು ಹೋಗೋಣವೆಂದು ಒಗೆಯುವ ಕೋಣೆಗೆ ಬಂದ. ಯಂತ್ರವನ್ನು ಆರಿಸುವುದು ಮರೆತು ಹಾಗೆಯೇ ಬೆಂಚಿನ ಮೇಲಿಟ್ಟ. ಜೇಬಕ್ಕ ಎಂದಿನಂತೆ ಅವನ ಕೋಟು ತೆಗೆದುಕೊಂಡು ಫಟ್ ಎಂದು ಕೊಡವಿದರು. ಬೆಂಚಿನ ಮೇಲಿನ ಯಂತ್ರ ಕೂಗಿಕೊಳ್ಳತೊಡಗಿತು.

ಯಂತ್ರ ಕೆಟ್ಟಿತೆಂದು ಅವನು ಎಣಿಸಿದ. ಆರಿಸಿ, ಮತ್ತೆ ಹಚ್ಚಿ, ಅಂಕಿ ಇಳಿಯುವವರೆಗೆ ಕಾದು, ಇನ್ನೊಂದು ಕೋಟು ಕೊಡವಲು ಹೇಳಿದ. ಮತ್ತೆ ಅದೇ ಕೂಗು. ಹಾಲ್‌ನಲ್ಲಿ ಎಲ್ಲೂ ಕಾಣದಿದ್ದ ಅಂಕಿ ಇಲ್ಲಿ, ಪುಡಿಯೇ ಇಲ್ಲ ಎಂದುಕೊಂಡಿದ್ದ ಕೋಣೆಯಲ್ಲಿ ಕಾಣಿಸುತ್ತಿತ್ತು. ಅವನು ಎದ್ದು ಹೋಗಿ ಕಿಟಕಿ ತೆರೆದ. ಅಕ್ಕಾ, ಇನ್ನು ಮೇಲೆ ಇದನ್ನು ಕೊಡವಬೇಡಿ ಎಂದ. ಒಳ್ಳೆಯ ಮನುಷ್ಯ, ಬೈದ ಹಾಗೆ ಹೇಳಲಿಲ್ಲ. ಆದರೂ ಜೇಬಕ್ಕನಿಗೆ ಬೈಸಿಕೊಂಡ ಹಾಗೇ ಆಯಿತು.

"ಅಷ್ಟು ವರ್ಷ ಭೇಷ್ ಅನ್ನಿಸಿಕೊಂಡ ಕೆಲಸಾನೇ ತಪ್ಪು ಅಂದ್ರೆ ಹೇಗಿರುತ್ತೆ ಹೇಳಿ," ಎನ್ನುತ್ತಾರೆ. "ಯಾರೂ ನಂಗೆ ತಿನ್ನಿಸಿದ್ದಲ್ಲ. ನನ್ನ ಕೈಯಾರೆ ನಾನೇ ಎಬ್ಬಿಸಿ, ನಾನೇ ಕುಡಿದಿದ್ದು."

ಅವರ ಮೇಲೆ ಆ ತಪ್ಪು ಹೊರಿಸುವವರು ಯಾರೂ ಇಲ್ಲ. ಹೊರಿಸುವುದು ನ್ಯಾಯವೂ ಅಲ್ಲ. ಆದರೆ ಅವರು ಅದನ್ನು ತಲೆಯ ಮೇಲಿಂದ ಇಳಿಸಿಕೊಂಡಿಲ್ಲ. ಗೋಡೆಗೆ ಈಗ 'ಕೊಡವಬಾರದು' ಎಂಬ ಫಲಕ ಬಂದಿದೆ. ಜೇಬಕ್ಕನಿಗೊಂದು ಮಾಸ್ಕು ಬಂದಿದೆ. ಕೊಡವದೆ ಜೇಬು ಖಾಲಿ ಮಾಡುವುದು ಹೇಗೆಂದು ಮಾತ್ರ ಯಾರೂ ಹೇಳಲಿಲ್ಲ. ನೀರಿನಲ್ಲಿ ಮುಳುಗಿಸಿ ತಡಕುವುದನ್ನು ಅವರೇ ಕಂಡುಕೊಂಡರು. ಕೆಲಸ ಎರಡರಷ್ಟಾಯಿತು, ಕೈಗಳು ಎರಡೇ ಉಳಿದವು. ಇಡೀ ದಿನ ನೀರಿನಲ್ಲಿದ್ದು ಬೆರಳ ಸಂದುಗಳು ಬಿರಿದಿವೆ. ಇನ್ನೊಬ್ಬರನ್ನು ಕೊಡಿ ಎಂದು ಕೇಳಿದಾಗಲೆಲ್ಲ, ನೋಡೋಣ ಎಂಬ ಉತ್ತರ ಸಿಗುತ್ತದೆ. ನೋಡುತ್ತಲೇ ಇದ್ದಾರೆ.

ತಪಾಸಣೆಯ ಪಟ್ಟಿಗೂ ಅವರ ಹೆಸರು ಸೇರಿತು. ಮೊದಲ ಸಲ ವ್ಯಾನು ಹತ್ತಿ ಕೂತಾಗ ನರ್ಸಮ್ಮ ಮೂಗಿಗೆ ಕ್ಲಿಪ್ಪು ಹಾಕಿ, ಕೊಳವೆ ಬಾಯಿಗಿಟ್ಟು, ಒಳಗಿರುವುದನ್ನೆಲ್ಲ ಖಾಲಿ ಮಾಡುವ ಹಾಗೆ ಊದಿ ಎಂದರು. ಊದಿದರು. ಬರಬೇಕಾದಷ್ಟು ಬರಲಿಲ್ಲ. ಕಾರ್ಖಾನೆಯ ವೈದ್ಯರು ಅಂಕಿ ನೋಡಿ ಒಂದೊಂದೇ ಕೇಳುತ್ತ ಹೋದರು. ಮನೆಯಲ್ಲಿ ಸೀಮೆಎಣ್ಣೆ ಸ್ಟೌವ್ ಇತ್ತೇ ಎಂದರೆ, ಮದುವೆಯಾದಾಗಿನಿಂದ ಬಹಳ ವರ್ಷ ಇತ್ತು. ಯಜಮಾನರು ಬೀಡಿ ಸೇದುತ್ತಿದ್ದರೇ ಎಂದರೆ, ಹೋಗುವ ದಿನದವರೆಗೂ ಸೇದಿದರು. ಹಿಂದೆ ಯಾವಾಗಲಾದರೂ ಹೀಗೆ ಊದಿದ್ದುಂಟೇ ಎಂದರೆ, ಇಲ್ಲ. ಹಾಗಾದರೆ ಇದು ಪುಡಿಯಿಂದಲೋ ಹೊಗೆಯಿಂದಲೋ ವಯಸ್ಸಿನಿಂದಲೋ ಹೇಳುವುದು ಕಷ್ಟ, ಕೆಲಸಕ್ಕೆ ಸೇರುವ ಮೊದಲಿನ ಅಂಕಿ ಒಂದಿದ್ದಿದ್ದರೆ ಹೋಲಿಸಿ ನೋಡಬಹುದಿತ್ತು ಎಂದರು ವೈದ್ಯರು.

ಆ ಒಂದು ಮಾತು ಜೇಬಕ್ಕನನ್ನು ಹಿಡಿದುಕೊಂಡಿತು. ಕೆಮ್ಮು ನನ್ನದು, ಏದುಸಿರು ನನ್ನದು, ಆದರೆ ಅದು ಎಲ್ಲಿಂದ ಬಂತೆಂದು ಹೇಳಲು ನನ್ನ ಬಳಿ ಏನೂ ಇಲ್ಲವಲ್ಲ ಎಂದು ಅಂದಿನಿಂದ ಕೊರಗುತ್ತಿದ್ದಾರೆ.

ಕೊರಗಿಗೆ ಕಾರಣ ಮನೆಯಲ್ಲೇ ಇದೆ. ಮನೆ ಮೂರನೇ ಮಹಡಿಯಲ್ಲಿ, ಎರಡು ಕೋಣೆಗಳದು. ಮಗ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಾನೆ. ಬಾಡಿಗೆ ಸಿಕ್ಕ ದಿನ ಉಂಟು, ಸಿಗದ ದಿನವೂ ಉಂಟು. ಸೊಸೆ ಕೆಲಸ ಮಾಡುತ್ತಿದ್ದ ರಟ್ಟಿನ ಪೆಟ್ಟಿಗೆಯ ಕಾರ್ಖಾನೆ ಬಾಗಿಲು ಹಾಕಿ ತಿಂಗಳುಗಳಾದವು. ಜೇಬಕ್ಕನಿಗೆ ಇನ್ನು ಆಗುವುದಿಲ್ಲ. ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ನಿಂತು ಚಪ್ಪಲಿ ಸರಿಮಾಡಿಕೊಳ್ಳುವ ನಾಟಕ ಆಡುತ್ತಾರೆ. ದಿನಾ ಒಂದೇ ಜಾಗದಲ್ಲಿ ಯಾರ ಚಪ್ಪಲಿಯೂ ಕಳಚುವುದಿಲ್ಲ ಎಂದು ಸೊಸೆಗೆ ಗೊತ್ತು. ಅವಳೂ ಗೊತ್ತಿಲ್ಲದವಳ ಹಾಗೆ ಜೊತೆಗೆ ನಿಲ್ಲುತ್ತಾಳೆ. ಜೇಬಕ್ಕ ಬಿಟ್ಟರೆ ಆ ಕೆಲಸ ಸೊಸೆಗೆ ಎಂದು ಸೂಪರ್‌ವೈಸರ್ ಒಪ್ಪಿಯೂ ಆಗಿತ್ತು.

ಜೇಬಕ್ಕ ಒಂದೇ ಒಂದು ಷರತ್ತು ಹಾಕಿದರು. ಸೊಸೆ ಆ ಕೋಣೆಯೊಳಗೆ ಕಾಲಿಡುವ ಮೊದಲು ವ್ಯಾನಿನಲ್ಲಿ ಒಮ್ಮೆ ಊದಬೇಕು. ಸೂಪರ್‌ವೈಸರ್‌ಗೆ ಇದು ತಲೆಬುಡ ತಿಳಿಯಲಿಲ್ಲ. ಪಟ್ಟಿ ಇರುವುದು ಕೆಲಸದಲ್ಲಿ ಇರುವವರಿಗೆ. ಕೆಲಸಕ್ಕೆ ಸೇರಲಿ, ಮುಂದಿನ ವರ್ಷದ ವ್ಯಾನಿಗೆ ಹೆಸರು ಬರೆಸೋಣ ಎಂದರು. ಅಷ್ಟರಲ್ಲಿ ಒಂದು ವರ್ಷದ ಪುಡಿ ಒಳಗೆ ಹೋಗಿರುತ್ತದಲ್ಲ ಎಂದು ಜೇಬಕ್ಕ. ಈ ಮಾತು ವಾರಗಟ್ಟಲೆ ಅಲ್ಲೇ ಗಿರಕಿ ಹೊಡೆಯಿತು. ಕೊನೆಗೆ ಸೂಪರ್‌ವೈಸರ್ ಬೇಸತ್ತು, ಈ ತಿಂಗಳೊಳಗೆ ಬರದಿದ್ದರೆ ಹೊರಗಿನವರನ್ನು ತೆಗೆದುಕೊಳ್ಳುವುದಾಗಿ ಹೇಳಿ ಕೈ ತೊಳೆದುಕೊಂಡರು.

ಅಷ್ಟರಲ್ಲಿ ಈ ವರ್ಷದ ವ್ಯಾನು ಬಂತು. ಪಟ್ಟಿಯಲ್ಲಿ ಒಗೆಯುವ ಕೋಣೆಗೆ ಒಂದೇ ಹೆಸರು, ಜೇಬಕ್ಕನದು. ಅವರು ಹಿಂದಿನ ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಹೂಡಿದ್ದರು. ತಮ್ಮ ಸರದಿಯನ್ನು ಸೊಸೆಗೆ ಬಿಟ್ಟುಕೊಡುವುದು. ಎತ್ತರ ಇಬ್ಬರದೂ ಒಂದೇ. ತಲೆಗೆ ಟೋಪಿ, ಮುಖಕ್ಕೆ ಮಾಸ್ಕು ಇದ್ದು, ಊದುವಾಗಷ್ಟೇ ಅದನ್ನು ಇಳಿಸಿದರೆ ಯಾರು ನೋಡುತ್ತಾರೆ? ಊದಿದ ಅಂಕಿಯನ್ನು ನೆನಪಿಟ್ಟುಕೊಂಡರಾಯಿತು ಎಂದು ಸೊಸೆಗೆ ಹೇಳಿಕೊಟ್ಟು ಒಳಗೆ ಕಳಿಸಿದರು. ತಾವು ವ್ಯಾನಿನ ಹಿಂದಿನ ಚಕ್ರದ ಪಕ್ಕ, ಏನೋ ಕಳೆದುಕೊಂಡು ಹುಡುಕುವವರ ಹಾಗೆ ನಿಂತರು.

ನರ್ಸಮ್ಮ ಕೊಳವೆ ಕೊಡುವಾಗ ಸೊಸೆಯ ಕೈ ನೋಡಿದರು. ನೀರು ತಿಂದ ಕೈ ಅದಲ್ಲ. ಪಟ್ಟಿಯಲ್ಲಿನ ವಯಸ್ಸು ನೋಡಿದರು. ಕೊಳವೆ ಹಿಂದಕ್ಕೆ ತೆಗೆದುಕೊಂಡು, ಈ ಹೆಸರಿನವರು ಎಲ್ಲಿ ಎಂದು ಕೇಳಿದರು. ಸೊಸೆ ಇದ್ದದ್ದನ್ನು ಇದ್ದಂತೆ ಒಪ್ಪಿಕೊಂಡಳು. ನರ್ಸಮ್ಮ ಗದರಲಿಲ್ಲ. ಮೆತ್ತಗೆ ಹೇಳಿದ ಮಾತು ತೆರೆದ ಕಿಟಕಿಯಿಂದ ಕೆಳಗಿದ್ದ ಜೇಬಕ್ಕನಿಗೂ ಕೇಳಿಸಿತು.

"ನೀವು ಅವರ ಹೆಸರಲ್ಲಿ ಊದಿದ್ರೆ ಏನಾಗುತ್ತೆ ಗೊತ್ತಾ? ಒಂದೇ ವರ್ಷದಲ್ಲಿ ಅವರ ಶ್ವಾಸಕೋಶ ಸರಿಹೋಯ್ತು ಅಂತ ದಾಖಲೆಯಾಗುತ್ತೆ. ಅಷ್ಟು ವರ್ಷ ಒಗೆಯೋ ಕೋಣೇಲಿದ್ದವರಿಗೇ ಏನೂ ಆಗಿಲ್ಲ ಅಂದ್ಮೇಲೆ, ಅಲ್ಲಿ ಏನೂ ಇಲ್ಲ ಅಂತಾಗುತ್ತೆ. ಆಮೇಲೆ ನೀವು ಕೆಮ್ಮಿದ್ರೂ ಯಾರು ನಂಬ್ತಾರೆ?"

ಜೇಬಕ್ಕ ಅಲ್ಲೇ ಚಕ್ರಕ್ಕೆ ಒರಗಿದರು. ಸೊಸೆಗೆ ನೆರಳಾಗಲೆಂದು ಹೂಡಿದ ಉಪಾಯ ಅವಳ ಕುತ್ತಿಗೆಗೇ ಬರುತ್ತಿತ್ತು. ತನ್ನ ಕೆಮ್ಮೊಂದೇ ಆ ಕೋಣೆಯ ಬಗ್ಗೆ ಇರುವ ಸಾಕ್ಷಿ. ಅದನ್ನೇ ಅಳಿಸಿಹಾಕಲು ಹೊರಟಿದ್ದೆನಲ್ಲ ಎಂದು ಅವರ ಕಣ್ಣು ತುಂಬಿತು. ಆಮೇಲೆ ಕಣ್ಣೊರೆಸಿಕೊಂಡು ವ್ಯಾನು ಹತ್ತಿ, ತಮ್ಮ ಹೆಸರಿಗೆ ತಾವೇ ಊದಿದರು. ಅಂಕಿ ಹೋದ ವರ್ಷಕ್ಕಿಂತ ಸ್ವಲ್ಪ ಇಳಿದಿತ್ತು. ಇಳಿದಿದೆ ಎಂದು ಕೇಳಿ ಯಾರಿಗೆ ಖುಷಿಯಾದೀತು? ಇವರಿಗೆ ಖುಷಿಯಲ್ಲ, ಒಂದು ಬಗೆಯ ಸಮಾಧಾನವಾಯಿತು. ಹೋಲಿಸಿ ನೋಡಲು ಎರಡನೆಯ ಅಂಕಿ ಕೊನೆಗೂ ಸಿಕ್ಕಿತ್ತು.

ಇಂಥ ಕೊಳವೆ ಸರ್ಕಾರಿ ಆಸ್ಪತ್ರೆಯಲ್ಲೂ ಇದೆ ಎಂದು ಹೇಳಿದ್ದು ನರ್ಸಮ್ಮನೇ. ಕಾರ್ಖಾನೆಯ ಪಟ್ಟಿಯ ಹಂಗು ಅಲ್ಲಿಲ್ಲ. ಯಾರನ್ನು ಕಾಣಬೇಕೆಂದು ಚೀಟಿ ಬರೆದುಕೊಟ್ಟರು. ಜೇಬಕ್ಕ ರಜೆ ಹಾಕಿ ಸೊಸೆಯನ್ನು ಕರೆದುಕೊಂಡು ಹೋದರು. ಬೆಳಿಗ್ಗೆ ಸಾಲಿನಲ್ಲಿ ನಿಂತವರ ಸರದಿ ಬಂದಾಗ ಮಧ್ಯಾಹ್ನ ದಾಟಿತ್ತು. ಅಲ್ಲಿಯವರೆಗೂ ಜೇಬಕ್ಕ ಸೊಸೆಗೆ ಊದುವುದು ಹೇಗೆಂದು ಹೇಳಿಕೊಡುತ್ತಲೇ ಇದ್ದರು. ಹೊಟ್ಟೆಯಿಂದ ತಳ್ಳು, ಭುಜ ಎತ್ತಬೇಡ, ಅರ್ಧಕ್ಕೆ ಬಿಡಬೇಡ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೂಡ ಕೇಳಿ ಕಲಿತುಕೊಂಡರಂತೆ.

ಸೊಸೆ ಊದಿದಳು. ಪರದೆಯ ಮೇಲಿನ ಗೆರೆ ಸರ್ರನೆ ಮೇಲೇರಿತು. ಮೂರು ಸಲ ಊದಿಸಿದರು, ಮೂರು ಸಲವೂ ಹಾಗೆಯೇ. ಅವಳ ವಯಸ್ಸಿಗೆ, ಎತ್ತರಕ್ಕೆ ಇರಬೇಕಾದ್ದಕ್ಕಿಂತ ಒಂದು ಕೈ ಮೇಲೆಯೇ ಇದೆ ಎಂದರು ಅಲ್ಲಿನ ವೈದ್ಯೆ. ಮಗಳು ಪರೀಕ್ಷೆಯಲ್ಲಿ ಮೊದಲು ಬಂದಾಗ ಹೆಮ್ಮೆಪಡುವ ತಾಯಿಯ ಹಾಗೆ ಜೇಬಕ್ಕ ಸುತ್ತಲೂ ನೋಡಿದರು.

ಬಸ್ಸಿನಲ್ಲಿ ವಾಪಸು ಬರುವಾಗ ಆ ಸಂತೋಷ ಇರಲಿಲ್ಲ. ಕಿಟಕಿಯಾಚೆ ನೋಡುತ್ತಲೇ ಸೊಸೆಗೆ ಹೇಳಿದರು. ಬೇಡ ಕಣೇ, ನೀನು ಹೋಗಬೇಡ. ಇಷ್ಟು ಚೆನ್ನಾಗಿರುವುದನ್ನು ತೆಗೆದುಕೊಂಡು ಹೋಗಿ ಅಲ್ಲಿ ಹಾಕುವುದಾ? ಬೇರೆ ಏನಾದರೂ ನೋಡೋಣ. ಹೀಗೆಂದದ್ದನ್ನು ಈಗ ನೆನೆದು, ತಮಗೇ ಆಶ್ಚರ್ಯವೆನ್ನುತ್ತಾರೆ. ಅವಳನ್ನು ಒಳಗೆ ಕಳಿಸಬೇಕೆಂದೇ ಆ ಅಂಕಿಗಾಗಿ ಅಷ್ಟು ಓಡಾಡಿದ್ದು. ಅಂಕಿ ಕೈಗೆ ಬಂದ ಮೇಲೆ ಕಳಿಸಲು ಮನಸ್ಸೇ ಬರಲಿಲ್ಲ.

ಸೊಸೆಯ ಉತ್ತರ ಸಿದ್ಧವಿತ್ತು.

"ಬೇರೆ ಏನು ನೋಡೋಣ ಅತ್ತೆ? ನೋಡಿ ಆಯ್ತಲ್ಲ, ಇಷ್ಟು ತಿಂಗಳು. ನಾನು ಹೋಗದಿದ್ರೆ ನೀವು ಬಿಡೋದಿಲ್ಲ. ನೀವು ಇನ್ನೊಂದು ವರ್ಷ ಅಲ್ಲಿದ್ರೆ ಎರಡನೇ ಮಹಡಿವರೆಗೂ ಬರೋಕಾಗಲ್ಲ."

ಸೊಸೆ ಬರುವ ಸೋಮವಾರದಿಂದ ಸೇರುತ್ತಾಳೆ. ಸೇರಿದ ಮೇಲೆ ಮೊದಲ ಕೆಲಸವೆಂದರೆ ಗೋಡೆಗೊಂದು ಗಾಳಿ ಎಳೆಯುವ ಫ್ಯಾನು ಕೇಳುವುದಂತೆ. ಕೊಡುತ್ತಾರೋ ಬಿಡುತ್ತಾರೋ, ಕೇಳದೆ ಬಿಡುವವಳಲ್ಲ ಎಂದು ಅತ್ತೆಗೆ ಭರವಸೆ. ಈ ವಾರವೆಲ್ಲ ಸಂಜೆ ಬಚ್ಚಲಿನಲ್ಲಿ ಮಗನ ಅಂಗಿಗಳನ್ನು ಬಕೆಟ್ಟಿಗೆ ಜಾರಿಸಿ ಇಬ್ಬರದೂ ಅಭ್ಯಾಸ ನಡೆದಿದೆ. ಮಗನ ಅಂಗಿಗಳು ಎಂದೂ ಇಷ್ಟು ಸ್ವಚ್ಛ ಇರಲಿಲ್ಲ.

ಕೆಲಸ ಬಿಟ್ಟ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ, ಮಲಗುತ್ತೇನೆ ಎನ್ನುತ್ತಾರೆ. ತಮಾಷೆಯಲ್ಲ, ಬಳಲಿಕೆ ಅವರ ಮಾತಿನ ತುಂಬ ಇದೆ. ಕಾರ್ಖಾನೆಯಿಂದ ಏನಾದರೂ ಬರಬೇಕೇ, ಯಾರಾದರೂ ಏನಾದರೂ ಮಾಡಬೇಕೇ ಎಂದು ಕೇಳಿದರೆ, ಒದ್ದೆ ಕೈ ಒರೆಸಿಕೊಳ್ಳುತ್ತಾರೆ.

"ನಂದು ಹೋಗಿದ್ದು ಹೋಯ್ತು, ಅದನ್ನ ಯಾರೂ ವಾಪಸ್ ತಂದ್ಕೊಡಲ್ಲ," ಎನ್ನುತ್ತಾರೆ. "ಜಾಸ್ತಿ ಏನೂ ಬೇಡ. ಮುಂದಿನ ವರ್ಷ ಅವಳು ಊದಿದಾಗ್ಲೂ ಅದೇ ನಂಬರ್ ಬರ್ಲಿ."